ನೆಮೊತೊ ಮಿತ್ಸುಯೊ ಬರೆದ ಹಿಡಿ ಮಣ್ಣು

ಟೋಕಿಯೊದ ಒಗಿಕುಬೊ ರೈಲು ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಇನ್ನೂ ಯಾವ ಅಂಗಡಿಯೂ ಬಾಗಿಲು ತೆರೆದಿಲ್ಲ. ಹಳೆಯ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ ಮಾತ್ರ ಒಂದು ಕಿಟಕಿ ಬೆಳಗುತ್ತಿದೆ. ನೆಮೊತೊ ಮಿತ್ಸುಯೊ ಕೋಟು ಕಳಚಿ ಕುರ್ಚಿಯ ಬೆನ್ನಿಗೆ ಹಾಕುತ್ತಾರೆ, ಒಂದು ಲೋಟ ಬಿಸಿನೀರು ಕುಡಿಯುತ್ತಾರೆ, ಬೆರಳುಗಳ ನೆಟಿಕೆ ತೆಗೆದು ಗಾಜಿನ ಮೇಜಿನ ಕೆಳಗಿನ ದೀಪ ಹೊತ್ತಿಸುತ್ತಾರೆ. ಮೇಜಿನ ಮೇಲೆ ಎರಡು ಹಾಳೆ. ಒಂದರಲ್ಲಿ ಹುಡುಗನೊಬ್ಬ ನಲ್ಲಿಯ ಮುಂದೆ ನಿಂತಿದ್ದಾನೆ. ಇನ್ನೊಂದರಲ್ಲಿ ಅವನ ಬಾಯಿ ನೀರಿಗೆ ತಾಗಿದೆ. ಅವೆರಡರ ನಡುವೆ ಅವನ ಕತ್ತು ಬಾಗಬೇಕು, ಕೂದಲು ಹಣೆಗೆ ಜಾರಬೇಕು, ಅಂಗಿಯ ತೋಳು ಒದ್ದೆಯಾಗಬೇಕು. ಅದೆಲ್ಲ ಮಿತ್ಸುಯೊ ಕೆಲಸ.

“ದೊಡ್ಡ ಕಲಾವಿದರು ಹೊರಡೋ ಊರು ಯಾವ್ದು, ಸೇರೋ ಊರು ಯಾವ್ದು ಅಂತ ಬರ್ದು ಕೊಡ್ತಾರೆ. ನಡೆದು ಹೋಗೋದು ನಾನು,” ಎಂದು ಅವರು ತಲೆಯೆತ್ತದೆ ಹೇಳುತ್ತಾರೆ. ಬೆಳಗಿನ ಹೊತ್ತು ಕಣ್ಣು ತಿಳಿಯಾಗಿರುತ್ತದೆ, ಹುಡುಗರ ಗಲಾಟೆಯೂ ಇರುವುದಿಲ್ಲ. ಅದಕ್ಕೇ ಈ ಹೊತ್ತಿಗೆ ಬಂದುಬಿಡುವುದು.

ಮಿತ್ಸುಯೊಗೆ ಅರವತ್ತನಾಲ್ಕು. ಹತ್ತೊಂಬತ್ತಕ್ಕೆ ಟೋಕಿಯೊಗೆ ಬಂದು ಅನಿಮೇಷನ್ ಚಿತ್ರಗಳಲ್ಲಿ ಒಂದು ಭಂಗಿಗೂ ಮುಂದಿನದಕ್ಕೂ ನಡುವಿನ ಚಿತ್ರಗಳನ್ನು ಬರೆಯಲು ಕುಳಿತವರು ಇನ್ನೂ ಎದ್ದಿಲ್ಲ. ಸುತ್ತಲಿನ ಹುಡುಗ ಹುಡುಗಿಯರೆಲ್ಲ ಗಣಕದ ಪರದೆಯ ಮೇಲೆ ಗೆರೆ ಎಳೆಯುತ್ತಾರೆ. ಕಾಗದದ ಮೇಜು ಉಳಿದಿರುವುದು ಇವರೊಬ್ಬರದೇ. ದಿನವಿಡೀ ಬಗ್ಗಿ ಬರೆದರೆ ಇಪ್ಪತ್ತು ಹಾಳೆ ಆದೀತು. ತೆರೆಯ ಮೇಲೆ ಅದು ಒಂದು ನಿಟ್ಟುಸಿರಿನಷ್ಟು ಹೊತ್ತು. ಬಲಭುಜ ಚಳಿಗಾಲದಲ್ಲಿ ಹಟ ಹಿಡಿಯುತ್ತದೆ, ಅದಕ್ಕೊಂದು ನೋವಿನ ಪಟ್ಟಿ ಅಂಟಿಸಿಕೊಳ್ಳುತ್ತಾರೆ. “ಇಡೀ ಕೋಣೆ ಆಸ್ಪತ್ರೆ ವಾಸ್ನೆ ಹೊಡಿಯತ್ತೆ ಅಂತ ಹುಡುಗ್ರು ಬೈಕೋತಾರೆ. ಅವ್ರಿಗೂ ಭುಜ ಇದೆ. ಕಾಲ ಬರತ್ತೆ.”

ಕಳೆದ ಶರತ್ಕಾಲದಲ್ಲಿ ತೆರೆಕಂಡ ‘ಮಣ್ಣಿನ ರೆಕ್ಕೆ’ ಚಿತ್ರ ಸಿದ್ಧವಾದದ್ದು ಇದೇ ಕೋಣೆಯಲ್ಲಿ. ಸಾವಿರಾರು ವರ್ಷ ಹಿಂದಿನ ಗ್ರೀಕರ ದುರಂತ ನಾಟಕವೊಂದರ ಎಳೆ ಹಿಡಿದು ನಿರ್ದೇಶಕ ಸೆರಿಜಾವಾ ಕಟ್ಟಿದ ಮಾಯಾಲೋಕದ ಕಥೆ ಅದು. ಅಲ್ಲಿ ಮಣ್ಣು ಕಾಣದ ಹೆಣಗಳ ಜೀವ ಬೂದು ಹಕ್ಕಿಯಾಗಿ ಮಂಜಿನಲ್ಲಿ ಸುತ್ತುತ್ತದೆ, ಎಲ್ಲಿಯೂ ಇಳಿಯಲಾರದು. ದೊರೆಗೆ ತಿರುಗಿಬಿದ್ದು ಸತ್ತ ತರುಣನೊಬ್ಬನ ಹೆಣ ಕೋಟೆಯ ಹೊರಗೆ ಬಿದ್ದಿದೆ, ಅದನ್ನು ಯಾರೂ ಮುಟ್ಟಕೂಡದೆಂದು ಅಪ್ಪಣೆಯಾಗಿದೆ. ಅವನ ತಂಗಿ ಒಬ್ಬಳೇ ಹೋಗಿ ಅಣ್ಣನ ಮೇಲೆ ಒಂದು ಹಿಡಿ ಮಣ್ಣು ಹಾಕುತ್ತಾಳೆ.

ಆ ಹಿಡಿ ಮಣ್ಣು ಮಿತ್ಸುಯೊ ಪಾಲಿಗೆ ಬಂತು. ಮುಚ್ಚಿದ ಮುಷ್ಟಿಯದೊಂದು ಚಿತ್ರ, ಬಿಚ್ಚಿದ ಅಂಗೈಯದೊಂದು ಚಿತ್ರ ಕೊಟ್ಟಿದ್ದರು. ಇವರು ನಡುವಿನದನ್ನು ತುಂಬಿ ಕೊಟ್ಟರು. ಹಿಂದಕ್ಕೆ ಬಂತು. ಮತ್ತೆ ಬರೆದರು, ಮತ್ತೆ ಬಂತು. ಕೊನೆಗೆ ಸೆರಿಜಾವಾ ತಾವೇ ಎದ್ದು ಬಂದು ಮೇಜಿನ ಪಕ್ಕ ಕುಕ್ಕರಗಾಲಲ್ಲಿ ಕೂತರು.

“ಮಿತ್ಸುಯೊ ಅವರೇ, ಗೆರೆ ತುಂಬಾ ಚೆನ್ನಾಗಿದೆ. ಆದ್ರೆ ಇದು ಮಣ್ಣಲ್ಲ, ಸಕ್ಕರೆ.”

ಮಿತ್ಸುಯೊ ಹಾಳೆಗಳನ್ನು ತಮ್ಮ ಕಡೆಗೆಳೆದುಕೊಂಡರು. ಮನಸ್ಸಿನಲ್ಲಿ ಬೇರೊಂದು ಮಾತು ನಡೆಯುತ್ತಿತ್ತು. ಅವರಿಗೂ ಒಬ್ಬ ಅಣ್ಣನಿದ್ದ. ಅವನೂ ಮಣ್ಣು ಕಂಡಿರಲಿಲ್ಲ.

ಮಿತೊ ಊರಿನ ಅಂಚಿನಲ್ಲಿ ಅವರ ಅಪ್ಪನದು ತತಾಮಿ ಚಾಪೆ ಹೊಲಿಯುವ ಅಂಗಡಿ. ಒಬ್ಬನೇ ಮಗ ಕ್ಯೋಜಿ. ಅಪ್ಪನ ಸೊಂಟ ಬಿದ್ದುಹೋಗಿ, ಇನ್ನು ಮಗನೇ ಸೂಜಿ ಹಿಡಿಯಬೇಕು ಎನ್ನುವಾಗ ಅವನು ಊರೂರು ತಿರುಗುವ ನಾಟಕದ ಮೇಳದ ಬೆನ್ನು ಹತ್ತಿದ. “ಬದುಕಿದ್ರೆ ಈ ಹೊಸಿಲು ದಾಟಕೂಡ್ದು, ಸತ್ರೆ ನಮ್ ಸಮಾಧಿಗೆ ಬರಕೂಡ್ದು,” ಎಂದರು ಅಪ್ಪ. ಅಕ್ಕ ಕಿನುಎಯ ಗಂಡ ಮನೆ ಅಳಿಯನಾಗಿ ಬಂದು ಅಂಗಡಿ ಹಿಡಿದ. ಕ್ಯೋಜಿ ಒಸಾಕಾದಲ್ಲಿ ತೀರಿಕೊಂಡಾಗ ಅಪ್ಪ ಮಾತು ಬದಲಿಸಲಿಲ್ಲ. ಮೇಳದ ಯಜಮಾನ ಅಸ್ಥಿಯ ಕುಡಿಕೆಯನ್ನು ಅಲ್ಲಿನ ಬೌದ್ಧ ಮಂದಿರವೊಂದರಲ್ಲಿ ಇಡಿಸಿದ. ಅಮ್ಮ ಹೋದರು, ಆಮೇಲೆ ಅಪ್ಪನೂ ಹೋದರು. ಕುಡಿಕೆ ಅಲ್ಲೇ ಉಳಿಯಿತು. ಮನೆಯವರ ಅಸ್ಥಿಯೆಲ್ಲ ಸೇರುವ ಮನೆತನದ ಸಮಾಧಿಯ ಮೇಲೆ ಈಗ ಹಕ್ಕು ಕಿನುಎಯದು.

“ಆ ಹುಡುಗಿ ಕೈನ ದಿನಾ ಬರೀತಾ ಇದ್ನಲ್ಲ, ನಿನ್ನಣ್ಣನಿಗೆ ಮಣ್ಣು ಹಾಕಿದ್ಯಾ ಅಂತ ಕೈಯೇ ನನ್ನ ಕೇಳಿದ ಹಾಗಾಯ್ತು,” ಎನ್ನುತ್ತಾರೆ ಮಿತ್ಸುಯೊ. ಸೆರಿಜಾವಾರನ್ನು ರಜೆ ಕೇಳಿ ಅವರು ಒಸಾಕಾಕ್ಕೆ ಹೋದರು. ಕುಡಿಕೆಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ರೈಲಿನಲ್ಲಿ ಮಡಿಲಲ್ಲಿಟ್ಟುಕೊಂಡು ನೇರ ಮಿತೊದ ಅಂಗಡಿಗೆ ಬಂದಿಳಿದರು.

“ಏನೇ ಅದು?” ಎಂದರು ಕಿನುಎ.

“ಅಣ್ಣ.”

ಕಿನುಎ ಕುಡಿಕೆಯ ಕಡೆ ನೋಡದೆ ಚಹಾ ಬಗ್ಗಿಸಿದರು. “ಅಪ್ಪನ ಮಾತು ಮರ್ತೋಯ್ತಾ ನಿಂಗೆ?”

“ಮರ್ತಿಲ್ಲ.”

“ನೀನೇನು, ಟೋಕಿಯೊದಲ್ಲಿ ಬೊಂಬೆ ಬರ್ಕೊಂಡು ಇದ್ದೀಯ. ಊರೋರ ಬಾಯಿಗೆ ಬೀಳೋಳು ನಾನು. ಅಪ್ಪ ಕಣ್ಮುಚ್ಚಿದ್ದೇ ತಡ, ಮಕ್ಳು ಅವ್ರ ಮಾತ್ನೂ ಮಣ್ಣು ಮಾಡಿದ್ರು ಅಂತಾರೆ.”

“ಸರಿ ಅಕ್ಕ. ನೀನು ಒಪ್ಪೋವರ್ಗೂ ನಾನೂ ಅಣ್ಣಾನೂ ಇಲ್ಲೇ ಕೂತಿರ್ತೀವಿ.”

“ಕೂತ್ಕೊ. ಹೊಸ ಚಾಪೆ, ಚಹಾ ಚೆಲ್ಲಬೇಡ.”

ಗಿರಾಕಿಗಳು ಬಂದರು, ಹೋದರು. ಬಂದವರೊಡನೆ ಕಿನುಎ ಹವಾಮಾನದ ಮಾತಾಡಿದರು, ತಂಗಿಯೊಡನೆ ಆಡಲಿಲ್ಲ. ಮಧ್ಯಾಹ್ನ ಸೋಬಾ ಶ್ಯಾವಿಗೆಯ ಬಟ್ಟಲು ತಂದು ತಂಗಿಯ ಮುಂದೆ ಕುಕ್ಕಿದವರು ಅಲ್ಲೇ ಕೂತುಬಿಟ್ಟರು.

“ಕೊನೆಕೊನೇಗೆ ಅವ್ನು ಏನ್ ವೇಷ ಹಾಕ್ತಿದ್ನಂತೆ?”

“ಮುದುಕಿ ವೇಷ. ಮೇಳದ ಯಜಮಾನ್ರು ಹೇಳಿದ್ರು. ಅವ್ನು ಕೋಲೂರ್ಕೊಂಡು ಬಂದ್ರೆ ಸಾಕು, ಜನ ಬಿದ್ದು ಬಿದ್ದು ನಗ್ತಿದ್ರಂತೆ.”

“ಅಜ್ಜಿ ನಡಿಗೆ,” ಎಂದರು ಕಿನುಎ. “ನಮ್ಮಜ್ಜಿ ಸೊಂಟ ಹಿಡ್ಕೊಂಡು ಬಾವಿಗೆ ಹೋಗ್ತಿದ್ರಲ್ಲ, ಅದ್ನ ಮಾಡಿ ತೋರಿಸ್ತಿದ್ದ. ಅಪ್ಪಾನೂ ನಗ್ತಿದ್ರು. ಕದ್ದು ನಗ್ತಿದ್ರು, ನಾನು ನೋಡಿದೀನಿ.” ಹೇಳುತ್ತ ಅವರೂ ನಕ್ಕರು. ನಗುತ್ತಲೇ ಏಪ್ರನ್ನಿನ ತುದಿಯಿಂದ ಮುಖ ಒರೆಸಿಕೊಂಡು ಎದ್ದು ಚಪ್ಪಲಿ ಹಾಕಿಕೊಂಡರು. “ಏಳು. ತಡ ಆದ್ರೆ ನಮ್ಮೂರ ಮಂದಿರದ ಗುರುಗಳು ಸಿಗಲ್ಲ.”

ಆ ವಾರ ಕಳೆದು ಸಮಾಧಿ ತೆರೆಸಿದರು. ಕಲ್ಲುಕುಟಿಗ ಚಪ್ಪಡಿ ಸರಿಸಿದಾಗ ಒಳಗೆ ಅಪ್ಪ ಅಮ್ಮನ ಕುಡಿಕೆಗಳು ಕಂಡವು, ಅವುಗಳ ಕೆಳಗೆ ಬರೀ ನೆಲ. ಗುರುಗಳ ಮಂತ್ರ ಮುಗಿಯಿತು. “ಅಪ್ಪನ ಪಕ್ಕ ಬೇಡ, ಜಗಳ ಆಡ್ತಾರೆ. ಅಮ್ಮನ ಕಡೆ ಮಣ್ಣಿಗೆ ಹಾಕು,” ಎಂದರು ಕಿನುಎ. ಅಸ್ಥಿಯನ್ನು ನೆಲಕ್ಕಿಳಿಸಿದ ಮೇಲೆ ಮೊದಲ ಹಿಡಿ ಮಣ್ಣು ತೆಗೆದುಕೊಂಡವರೂ ಅವರೇ.

ಹಿಂದಿನ ದಿನ ಮಳೆಯಾಗಿತ್ತು. ಕಿನುಎ ಅಂಗೈ ಬಿಚ್ಚಿದರೆ ಮಣ್ಣು ಬೀಳಲೇ ಇಲ್ಲ. ಕೈ ಕೊಡವಿದರು. ಒಂದು ಹೆಂಟೆ ಬಿತ್ತು, ಸ್ವಲ್ಪ ತಡೆದು ಇನ್ನೊಂದು. ಬೆರಳ ಸಂದಿಯಲ್ಲಿ ಉಳಿದದ್ದನ್ನು ಹೆಬ್ಬೆರಳಿನಿಂದ ಉಜ್ಜಿ ಉಜ್ಜಿ ಉದುರಿಸಿದರು. ಆಮೇಲೂ ಅಂಗೈಯ ಗೆರೆಗಳಲ್ಲಿ ಮಣ್ಣು ಕಪ್ಪಗೆ ನಿಂತೇ ಇತ್ತು.

“ಅಣ್ಣನ್ನ ಮಣ್ಣು ಮಾಡೋ ಹೊತ್ನಲ್ಲಿ ನಾನು ಅಕ್ಕನ ಕೈ ನೋಡ್ತಾ ನಿಂತಿದ್ದೆ,” ಎನ್ನುತ್ತಾರೆ ಮಿತ್ಸುಯೊ. “ನಂಗೇ ನಾಚಿಕೆ ಆಯ್ತು. ಆಮೇಲೆ ಅನ್ನಿಸ್ತು, ಅಣ್ಣ ಇದ್ದಿದ್ರೆ ಅವ್ನೂ ಅದನ್ನೇ ನೋಡ್ತಿದ್ದ. ಯಾವ್ದಾದ್ರೂ ವೇಷಕ್ಕೆ ಆಗತ್ತೆ ಅಂತ.”

ಟೋಕಿಯೊಗೆ ಮರಳಿದವರು ಹೊಸದಾಗಿ ಬರೆದರು. ಹಾಳೆಗಳನ್ನು ಒಂದರ ಮೇಲೊಂದು ಹೊರಳಿಸಿ ನೋಡಿದ ಸೆರಿಜಾವಾ “ಇದು ಮಣ್ಣು,” ಎಂದರು. ಅಲ್ಲಿಗೆ ಮುಗಿಯಬೇಕಿತ್ತು. ಮಿತ್ಸುಯೊ ಮುಗಿಸಲಿಲ್ಲ.

“ಇದರ ಮುಂದಿನ ದೃಶ್ಯದಲ್ಲಿ ಅವಳ ಕೈ ಸ್ವಚ್ಛವಾಗಿದೆ. ಅದಾದ್ಮೇಲೂ ಹಾಗೇ ಇದೆ,” ಎಂದರು. “ಅದು ಆಗಲ್ಲ.”

ಬಣ್ಣದ ವಿಭಾಗ ನೋಡಿಕೊಳ್ಳುವ ಮೊಚಿಜುಕಿ ತಲೆಯ ಮೇಲೆ ಕೈ ಹೊತ್ತಳು. “ಮಿತ್ಸುಯೊ ಅಮ್ಮ, ಅದಕ್ಕೆಲ್ಲ ಬಣ್ಣ ಹಾಕಿ ಮುಗಿಸಿದೀವಿ. ಕೋಟೆ, ಗುಹೆ, ಮದುವೆ ಕನಸು, ಎಲ್ಲಾ ಕಡೆ ಕೈ ಕಾಣತ್ತೆ. ಚಿತ್ರ ಬಿಡುಗಡೆ ಹತ್ರ ಬಂತು. ಅಂಗೈ ಯಾರ್ ನೋಡ್ತಾರೆ?”

“ದೊರೆ ನೋಡ್ತಾನಲ್ಲಮ್ಮ. ಅವ್ನ ಮುಂದೆ ಕೈ ಚಾಚಿ ನಿಂತಿರ್ತಾಳೆ. ಮಣ್ಣು ಹಾಕ್ದೋಳು ನಾನೇ ಅಂತ ಬಾಯಲ್ಲಿ ಹೇಳಿ, ಕೈ ತೊಳ್ಕೊಂಡು ಬಂದಿರ್ತಾಳಾ?”

ಮೊಚಿಜುಕಿ ಸೆರಿಜಾವಾ ಮುಖ ನೋಡಿದಳು. ಅವರು ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದರು. ಅಷ್ಟು ವರ್ಷದಲ್ಲಿ ಮಿತ್ಸುಯೊ ಒಂದು ಗೆರೆ ಬದಲಿಸಿ ಎಂದು ಯಾರನ್ನೂ ಕೇಳಿದವರಲ್ಲ. “ಮಣ್ಣು ಇರ್ಲಿ,” ಎಂದರು ಸೆರಿಜಾವಾ. ಕೋಣೆಯಲ್ಲಿ ಗೊಣಗಾಟವೆದ್ದಿತು. ಹಲವರು ಎರಡು ದಿನ ಮಿತ್ಸುಯೊ ಜೊತೆ ಮಾತಾಡಲಿಲ್ಲ. ಬೆಳಗಿನ ಜಾವಕ್ಕೇ ಎಲ್ಲರಿಗಿಂತ ಮೊದಲು ಬಂದು ಜೊತೆಗೆ ಕೂತವಳು ಮೊಚಿಜುಕಿ. ಬೈಯುತ್ತಲೇ ಬಂದಳು, ಬೈಯುತ್ತಲೇ ಮುಗಿಸಿದಳು.

ಚಿತ್ರ ಮಿತೊದ ಚಿತ್ರಮಂದಿರಕ್ಕೆ ಬಂದಾಗ ಮಿತ್ಸುಯೊ ಅಕ್ಕನನ್ನು ಕರೆದೊಯ್ದರು. ತಂಗಿ ಕೆಲಸ ಮಾಡಿದ ಯಾವ ಚಿತ್ರವನ್ನೂ ಕಿನುಎ ಅದುವರೆಗೆ ನೋಡಿರಲಿಲ್ಲ. ಬೊಂಬೆಯಾಟ ಮಕ್ಕಳಿಗೆ ಎನ್ನುತ್ತಿದ್ದರು. ಚಿತ್ರದ ಕೊನೆಯಲ್ಲಿ ಬೂದು ಹಕ್ಕಿಗಳು ನೆಲಕ್ಕಿಳಿಯುವ ಹೊತ್ತಿಗೆ ಕೈಚೀಲದಲ್ಲಿ ಏನೋ ಹುಡುಕಿದರು, ಕರವಸ್ತ್ರ ಸಿಗಲಿಲ್ಲ, ಹಾಗೇ ಕೂತರು. ಹೊರಗೆ ಬಂದು ಇಬ್ಬರೂ ಎದುರಿನ ಹೋಟೆಲಿನಲ್ಲಿ ಚಹಾ ತರಿಸಿಕೊಂಡರು.

“ನೀನು ಬರ್ದಿದ್ದು ಯಾವ್ದು ಅಂತ ನಂಗೇನೂ ಗೊತ್ತಾಗ್ಲಿಲ್ಲ ಕಣೆ,” ಎಂದರು ಆಮೇಲೆ.

“ಯಾರಿಗೂ ಗೊತ್ತಾಗಲ್ಲ ಅಕ್ಕ. ನಂಗೂ ಎಷ್ಟೋ ಸಲ ಗೊತ್ತಾಗಲ್ಲ.”

ಕಿನುಎ ಬಟ್ಟಲನ್ನು ಒಮ್ಮೆ ತಿರುಗಿಸಿ ಇಟ್ಟರು. “ಆ ಹುಡುಗಿ ಮಾತ್ರ ಕೊನೇವರ್ಗೂ ಕೈ ತೊಳ್ಕೊಳ್ಲಿಲ್ಲ.”

“ಹೂಂ,” ಎಂದರು ಮಿತ್ಸುಯೊ. “ಅದು ನಂದು.”