ಮುಂದಿನ ಸೀಟಿನ ಗಂಟೆ

ಇವತ್ತು ಬೆಳಿಗ್ಗೆ ಹೈದರಾಬಾದಿನ ಕಾಚಿಗುಡ ಸ್ಟೇಷನ್ನಿನ ಹತ್ತಿರ ಬಾಡಿಗೆ ಕಾರು ತೆಗೆದುಕೊಳ್ಳುವಾಗ ಅಂಗಡಿಯವನು ಮುಂದಿನ ಎಡಸೀಟನ್ನು ಅಂಗೈಯಿಂದ ಒತ್ತಿ ತೋರಿಸಿದ. ಟಿಣ್ ಟಿಣ್ ಎಂದು ಗಂಟೆ ಹೊಡೆದುಕೊಂಡಿತು. ಕೈ ತೆಗೆದ, ನಿಂತಿತು. ಭಾರ ಬಿದ್ದು ಬೆಲ್ಟ್ ಹಾಕದಿದ್ದರೆ ಹೀಗೆ, ಹಿಂದಿನ ಸೀಟಿಗೆ ಈ ಕಾಟವಿಲ್ಲ ಎಂದು ತೆಲುಗಿನಲ್ಲಿ ವಿವರಿಸಿದ. ನನಗೆ ಗೊತ್ತಪ್ಪಾ ಎನ್ನಬೇಕೆಂದುಕೊಂಡೆ. ಕೀಲಿಕೈಗೆ ಕೈ ಚಾಚಿದೆ.

ಆರೇಳು ವರ್ಷದ ಹಿಂದಿನ ಮಾತು. ಮಕ್ತಲದ ಅತ್ತೆ, ಅಂದರೆ ನಮ್ಮಪ್ಪನ ಅಕ್ಕ, ಹೈದರಾಬಾದಿನಲ್ಲಿದ್ದ ತಂಗಿಗೆ ತೀರಾ ಹುಷಾರಿಲ್ಲವೆಂದು ತಿಳಿದು ನನ್ನನ್ನು ಜೊತೆಗೆ ಹೊರಡಿಸಿದರು. ಒಮ್ಮೆ ಮಕ್ತಲಕ್ಕೆ ಕರಕೊಂಡು ಹೋಗು ಎಂದು ಆ ತಂಗಿ, ನನ್ನ ಚಿಕ್ಕತ್ತೆ, ವರ್ಷಗಟ್ಟಲೆ ಕೇಳಿದ್ದರು. ಬರುವ ಶ್ರಾವಣ, ಬರುವ ದಸರಾ ಎಂದು ಅತ್ತೆ ಮುಂದೂಡುತ್ತಲೇ ಬಂದಿದ್ದರು.

ರೈಲಿಳಿದು ಆಟೋ ಹಿಡಿದಿದ್ದರೆ ಮುಗಿದಿತ್ತು. ಆದರೆ ನನಗೆ ಹೊಸ ಲೈಸೆನ್ಸಿನ ಉಮೇದು. ನಮ್ಮೂರು ಗದ್ವಾಲದ ಕೋಟೆ ಸುತ್ತ, ಹೆಚ್ಚೆಂದರೆ ಜೂರಾಲ ಡ್ಯಾಮಿನವರೆಗೆ ಓಡಿಸಿದ ಶೂರ ನಾನು; ಕಾರು ಬಾಡಿಗೆಗೆ ತೆಗೆದುಕೊಂಡೆ. ಅತ್ತೆ ಹಿಂದೆ ಕೂತರು. ಮುಂದೆ ಕೂತರೆ ರಸ್ತೆಯೆಲ್ಲ ಮೈಮೇಲೆ ಬಂದಂತಾಗುತ್ತದೆಂದು ಅವರು ಯಾವ ಗಾಡಿಯಲ್ಲೂ ಮುಂದೆ ಕೂತವರಲ್ಲ. "ನಿಧಾನ ನಡಸಪಾ" ಎಂಬುದು ಅವರ ಮಾಮೂಲು ಮಾತು. ಆ ದಿನ ಅದನ್ನು ಹೇಳಲಿಲ್ಲ.

ಚಿಕ್ಕತ್ತೆಯ ಮನೆಯ ಗುರುತು ಮೇಲ್ಸೇತುವೆಯ ಕಂಬದ ನಂಬರು. ಎಡಕ್ಕೊಂದು ಬಸ್ಸು, ಬಲಕ್ಕೊಂದು ಆಟೋ ಒತ್ತಿದ ಗಾಬರಿಯಲ್ಲಿ ನಾನು ಸೇತುವೆಯ ಮೇಲೇ ಹತ್ತಿಬಿಟ್ಟೆ. ಕಂಬಗಳು ಕೆಳಗೆ, ನಾವು ಮೇಲೆ. ಇಳಿಯಲು ದಾರಿ ಸಿಕ್ಕಿದ್ದು ಊರಾಚೆ. ತಿರುಗಿ ಬರುವಷ್ಟರಲ್ಲಿ ಚಿಕ್ಕತ್ತೆ ಹೋಗಿ ಅರ್ಧ ಗಂಟೆಯಾಗಿತ್ತು. ಬಾಗಿಲ ಕಡೆಗೇ ನೋಡುತ್ತಿದ್ದರಂತೆ. ಇದಕ್ಕೆ ಕಾರಣ ನಾನೇ. ಈಗಲೂ ಹಾಗೇ ಅನಿಸುತ್ತದೆ.

ಸಾವಿನ ಮನೆಯಿಂದ ಹೊರಡುವಾಗ ನಮ್ಮಲ್ಲಿ ಹೋಗಿ ಬರುತ್ತೇವೆ ಎನ್ನುವುದಿಲ್ಲ, ಯಾರನ್ನೂ ಬಾ ಎಂದು ಕರೆಯುವುದೂ ಇಲ್ಲ. ಸುಮ್ಮನೆ ಎದ್ದು ನಡೆಯಬೇಕು. ಎಲ್ಲ ಮುಗಿದ ಮೇಲೆ ಮಧ್ಯಾಹ್ನ ಹೊರಬಿದ್ದವನು ಮರೆತು ಕಾರಿನ ಮುಂದಿನ ಎಡಬಾಗಿಲು ತೆರೆದು, ಮನೆಯ ಕಡೆ ಮುಖ ಮಾಡಿ, ಅಭ್ಯಾಸಬಲದಿಂದ "ಬರ್ರಿ, ಹೋಗೂಣು" ಅಂದುಬಿಟ್ಟೆ. ಅತ್ತೆ ಒಂದು ಕ್ಷಣ ನನ್ನನ್ನೇ ನೋಡಿ, ಹಿಂದಿನ ಬಾಗಿಲು ತೆರೆದು ಕೂತರು.

ನೂರು ಮಾರು ಹೋಗಿರಲಿಲ್ಲ, ಗಂಟೆ ಶುರುವಾಯಿತು. ಪಕ್ಕದ ಸೀಟಿನ ಮೇಲೆ ಏನೂ ಇರಲಿಲ್ಲ. ಗಾಡಿ ನಿಲ್ಲಿಸಿ ಬಾಗಿಲು ತೆಗೆದು ಹಾಕಿದೆ, ಸೀಟು ಗುದ್ದಿದೆ. ನಿಲ್ಲಲಿಲ್ಲ.

ಅತ್ತೆ ಮೆಲ್ಲಗೆ ಹೇಳಿದರು: "ನೀ ಕರದಿ, ಬಂದು ಕುಂತಾಳ. ಪಟ್ಟಿ ಹಾಕು."

ಖಾಲಿ ಸೀಟಿಗೆ ಬೆಲ್ಟ್ ಹಾಕಿದೆ. ಗಂಟೆ ನಿಂತಿತು.

"ಸ್ಟೇಷನ್ ಬ್ಯಾಡ. ಮಕ್ತಲಕ್ಕ ನಡಿ. ಭಾಳ ದಿನದಿಂದ ಕೇಳಾಕ ಹತ್ಯಾಳ."

ಅಂಗಡಿಯವನಿಗೆ ಫೋನು ಮಾಡಿ ಇನ್ನೊಂದು ದಿನಕ್ಕೆ ಕಾರು ಕೇಳಿಕೊಂಡೆ. ದಾರಿಯುದ್ದಕ್ಕೂ ಅತ್ತೆ ಮುಂದಿನ ಸೀಟಿನ ಜೊತೆ ಮಾತಾಡಿದರು: ಅಗೋ ಜಡಚರ್ಲ ಬಂತು, ಅಗೋ ಆ ಹುಣಸೆಮರ ಕಡಿದುಬಿಟ್ಟಿದ್ದಾರೆ. ನಡುನಡುವೆ ಉತ್ತರ ಕೇಳಿಸಿಕೊಳ್ಳುವವರ ಹಾಗೆ ಸುಮ್ಮನಾಗುತ್ತಿದ್ದರು. ಮಕ್ತಲದ ಮನೆಯ ಮುಂದೆ ನಾನು ಬೆಲ್ಟ್ ಬಿಚ್ಚಿದೆ. ಗಂಟೆ ಹೊಡೆಯಲಿಲ್ಲ. ಅತ್ತೆ ಅಂಗಳದ ಕಟ್ಟೆಯ ಮೇಲೆ, ಒಬ್ಬರಿಗೆ ಜಾಗ ಬಿಟ್ಟು ಕೂತು, ಆಗ ಅತ್ತರು.

ಸೀಟಿನ ಕೆಳಗಿನ ತಂತಿ ಸಡಿಲಾಗಿರಬೇಕು ಎಂದು ನೀವು ಹೇಳುತ್ತೀರಿ. ನಾನೂ ಹಾಗೇ ಹೇಳಿಕೊಂಡು ಬಂದಿದ್ದೇನೆ.

ಅತ್ತೆ ಹೋದ ತಿಂಗಳು ತೀರಿಕೊಂಡರು. ಮಕ್ತಲದ ಆ ಮನೆಯಿಂದ ಶಾಸ್ತ್ರಪ್ರಕಾರ ತುಟಿ ಬಿಗಿದುಕೊಂಡು ಹೊರಟವನು ನಾನು. ಅವರನ್ನು ಅಲ್ಲೇ ಬಿಟ್ಟು ಬಂದೆನೆಂಬ ಸಂಕಟ ಇನ್ನೂ ಇಳಿದಿಲ್ಲ.

ಅದಕ್ಕೇ ಇವತ್ತು, ಅಂಗಡಿಯವನು ಒಳಗೆ ಹೋದ ಮೇಲೆ, ಮುಂದಿನ ಬಾಗಿಲು ತೆರೆದು ಹಿಡಿದು "ಬರ್ರಿ ಅತ್ತಿ, ಹೋಗೂಣು" ಅಂದೆ. ಬಾಗಿಲು ಹಾಕಿ, ಸ್ಟಿಯರಿಂಗ್ ಹಿಡಿದು ಕಾದೆ. ಹಿಂದಿನ ಗಾಡಿಗಳು ಹಾರ್ನ್ ಹೊಡೆದವು. ಗಂಟೆ ಹೊಡೆಯಲೇ ಇಲ್ಲ. ಎಂಥ ಹುಚ್ಚ ನಾನು ಎಂದು ನಗಲು ಹೋದವನಿಗೆ ಆಮೇಲೆ ನೆನಪಾಯಿತು, ಅತ್ತೆ ಎಂದೂ ಮುಂದೆ ಕೂತವರಲ್ಲ.

ಕನ್ನಡಿ ನೋಡಲಿಲ್ಲ. ಗಾಡಿ ಬಿಟ್ಟೆ, ನಿಧಾನವಾಗಿ.