ಸೂಲಗಿತ್ತಿ ಕೌನಾಕಳ ಪಾಲು

ಕೌನಾಕ ಹೊಟ್ಟೆಬಾಕಿ. ಊರಿನಲ್ಲಿ ಈ ಬಗ್ಗೆ ಎರಡು ಮಾತಿರಲಿಲ್ಲ.

ಬಾಫಿನ್ ದ್ವೀಪದ ಉತ್ತರ ದಂಡೆಯಲ್ಲಿ, ಬೋಳು ಗುಡ್ಡಕ್ಕೂ ಹೆಪ್ಪುಗಟ್ಟಿದ ಕಡಲಿಗೂ ನಡುವೆ ಇರುವ ಊರು ಅದು. ಅಲ್ಲಿನ ನಡುವಯಸ್ಸಿನವರೆಲ್ಲರ ಹೊಕ್ಕುಳಬಳ್ಳಿ ಕತ್ತರಿಸಿದವಳು ಕೌನಾಕ. ಬಳ್ಳಿ ಕತ್ತರಿಸಿದವಳಿಗೆ ಆ ಮಗು ಬೆಳೆದು ಹೊಡೆದ ಮೊದಲ ಬೇಟೆ ಸೇರಬೇಕು ಎಂಬುದು ಅಲ್ಲಿನ ಕಟ್ಟಳೆ. ಅದು ಮನೆಗೆ ಬರಲಿ ಎಂದು ಅವಳು ಕಾದವಳಲ್ಲ. ದಂಡೆಗೇ ಹೋಗಿ ನಿಂತು ಪಾಲು ಕೇಳುತ್ತಿದ್ದಳು.

ಆಮೇಲೆ ಬಸುರಿಯರನ್ನು ವಿಮಾನ ಹತ್ತಿಸಿ ದಕ್ಷಿಣದ ಆಸ್ಪತ್ರೆಗೆ ಕಳಿಸುವ ರೂಢಿ ಬಂತು. ಉಲಾಯುಕ್ ತನ್ನ ಮಗಳು ಇವಾಲುವನ್ನು ಹೆತ್ತದ್ದು ಅಲ್ಲಿ. ಈ ವಸಂತದಲ್ಲಿ ಇವಾಲು ತನ್ನ ಮೊದಲ ಬೇಟೆಯಾಗಿ ಸೀಲ್ ಎಂಬ ಕಡಲಪ್ರಾಣಿಯನ್ನು ಹೊಡೆದಳು. ತಾಯಿಗೆ ಹಿಗ್ಗಿಗಿಂತ ಚಿಂತೆಯೇ ಹೆಚ್ಚಾಯಿತು. ಮೊದಲ ಬೇಟೆ ಸಲ್ಲಬೇಕಾದ ಕೈಗೆ ಸಲ್ಲದಿದ್ದರೆ ಪ್ರಾಣಿಗಳು ಮತ್ತೆ ಮಗಳ ಎದುರಿಗೆ ಬರುವುದಿಲ್ಲ ಎಂಬ ನಂಬಿಕೆ. ಸೀಲನ್ನು ಎಳೆದುಕೊಂಡು ತಾಯಿ ಮಗಳು ಕೌನಾಕಳ ಬಾಗಿಲಿಗೆ ಹೋದರು.

"ಅಜ್ಜೀ, ಇದನ್ನ ನೀನೇ ತಗೋ," ಎಂದಳು ಉಲಾಯುಕ್.

"ಇವಳ ಬಳ್ಳಿ ಕತ್ತರಿಸಿದ್ದು ನಾನಲ್ಲ."

"ನನ್ನದು ಕತ್ತರಿಸಿದ್ದೀಯಲ್ಲ, ಅದೇ ಲೆಕ್ಕ ಅನ್ಕೋ."

"ನಿನ್ನ ಮೊದಲ ಬೇಟೆಯ ಪಾಲು ಆವತ್ತೇ ತಿಂದಾಯ್ತು. ಬಡಕಲು ಹಕ್ಕಿ ತಂದಿದ್ದೆ ನೀನು, ಹಲ್ಲಿಗೂ ಸಾಲಲಿಲ್ಲ."

ಇವಾಲು ನಕ್ಕಳು. "ಇದು ದಪ್ಪಗಿದೆ ನೋಡಜ್ಜಿ."

"ಕಾಣುತ್ತೆ ಕಣೇ, ಕುರುಡಿಯಲ್ಲ ನಾನು." ಮುದುಕಿಯ ಕಣ್ಣು ಸೀಲನ್ನು ಬಿಟ್ಟು ಕದಲಲಿಲ್ಲ. "ದಕ್ಷಿಣದ ಆಸ್ಪತ್ರೇಲಿ ಯಾರ ಕೈಗೆ ಬಿದ್ಲು ಇವಳು?"

"ಮಾರ್ಲೀನ್ ಅಂತ ಒಬ್ಬ ನರ್ಸು. ಈಗ್ಲೂ ಅಲ್ಲೇ ಇದಾಳೆ. ಆದ್ರೆ ಅವಳು ಇದನ್ನೆಲ್ಲ ತಿಂತಾಳಾ?"

"ಬೇಕಾದ್ರೆ ಎಸೀಲಿ. ಪಾಲು ಅವಳದು."

ಕೌನಾಕ ಅಂಗಳದಲ್ಲೇ ಮಂಡಿಯೂರಿ ಸೀಲನ್ನು ಸೀಳಿದಳು. ಮಾಂಸ, ಗುಂಡಿಗೆ, ಇನ್ನೂ ಹಬೆಯಾಡುತ್ತಿದ್ದ ಲಿವರ್ ಎಲ್ಲವನ್ನೂ ರಟ್ಟಿನ ಪೆಟ್ಟಿಗೆಗಳಿಗೆ ತುಂಬಿ ಹಗ್ಗ ಬಿಗಿದಳು.

"ಸಂಜೆ ವಿಮಾನಕ್ಕೆ ಹಾಕ್ಸಿ. ಲಿವರ್ ಇರೋ ಪೆಟ್ಟಿಗೆ ಮೇಲಿರ್ಲಿ, ನಜ್ಜಾದೀತು."

ಉಲಾಯುಕ್ ಪೆಟ್ಟಿಗೆ ಎತ್ತಿಕೊಂಡು ತಿರುಗಿ ನೋಡಿದಳು. ಮುದುಕಿ ಬೆರಳಿಗೆ ಅಂಟಿದ ರಕ್ತವನ್ನು ಒಂದಿಷ್ಟೂ ನೆಕ್ಕದೆ, ಹಿಮದಲ್ಲಿ ಉಜ್ಜಿ ಉಜ್ಜಿ ತೊಳೆದುಕೊಳ್ಳುತ್ತಿದ್ದಳು.