ಮಗುಚಬಾರದ ಮೀನು

ಹುದುಗು ಬರಿಸಿದ ಸೀಗಡಿಯ ವಾಸನೆ ಮೂಗಿಗೆ ಬಡಿದರೆ ಇಂದಿಗೂ ನನಗೆ ಮೊದಲು ವಾಕರಿಕೆ ಬರುತ್ತದೆ, ಆಮೇಲೆ ಆಮಾ ನೆನಪಾಗುತ್ತಾರೆ. ಅಪ್ಪ ಮಂಗಳೂರಿನಿಂದ ಕಡಲು ದಾಟಿ ಈ ದೇಶಕ್ಕೆ ಬಂದು ಬಯಾನ್ ಲೆಪಾಸಿನ ಕಾರ್ಖಾನೆ ಸೇರಿದ ಕಾಲದಲ್ಲಿ ನನ್ನನ್ನು ನೋಡಿಕೊಳ್ಳುತ್ತಿದ್ದ ಚೀನೀ ಅಜ್ಜಿ ಅವರು. ಶಾಲೆಗೆ ರಜೆ ಸಿಕ್ಕಾಗ ತಮ್ಮ ಹಳ್ಳಿಗೆ ಕರೆದೊಯ್ಯುತ್ತಿದ್ದರು. ಬಸ್ಸಿಳಿದು ದೋಣಿ ಹತ್ತಿ ಹೋದರೆ ಕೆಸರಿನಲ್ಲಿ ಮರದ ಕಂಬಗಳ ಮೇಲೆ ನಿಂತ ಮೀನುಗಾರರ ಮನೆಗಳು. ಹಲಗೆಯ ಸಂದಿನಿಂದ ಕೆಳಗೆ ನೋಡಿದರೆ ಮೀನಿನ ಕರುಳು, ಪ್ಲಾಸ್ಟಿಕ್ಕು, ನಮ್ಮದೇ ಕಕ್ಕಸಿನ ಹೊಲಸು. ಜಗಲಿಯ ತುಂಬ ಒಣಹಾಕಿದ ಸೀಗಡಿ, ಅದರ ಮೇಲೆ ನೊಣ. ಮೂಗು ಮುಚ್ಚಿಕೊಂಡೇ ನಾನು ಆ ಮನೆಯನ್ನು ಪ್ರೀತಿಸಿದೆ.

ಅಲ್ಲಿ ತಟ್ಟೆಯ ಮೀನನ್ನು ಮಗುಚುವಂತಿರಲಿಲ್ಲ. ಮೇಲಿನ ಮಗ್ಗುಲು ತಿಂದಾದ ಮೇಲೆ ನಡುಮುಳ್ಳು ಎತ್ತಿಟ್ಟು ಕೆಳಗಿನದನ್ನು ತಿನ್ನಬೇಕು. ನಮ್ಮ ಮನೆಯಲ್ಲಿ ಬಂಗುಡೆಯನ್ನು ಬೇಕಾದಷ್ಟು ಸಲ ಹೊರಳಿಸಿ ತಿನ್ನುವವರು, ನನಗೇನು ಗೊತ್ತು? ಒಂದು ಮಧ್ಯಾಹ್ನ ಮಗುಚಿಯೇಬಿಟ್ಟೆ. ಆಮಾ ನನ್ನ ಕೈ ಗಟ್ಟಿಯಾಗಿ ಹಿಡಿದರು.

"ನೋ ಲಾ, ಮಗೂ! ಬೋಟ್ ಮಗುಚತ್ತೆ. ಅಂಕಲ್ ಸಮುದ್ರದಲ್ಲಿದ್ದಾನೆ."

ಅಂಕಲ್ ಎಂದರೆ ಅವರ ಒಬ್ಬನೇ ಮಗ. ಆಮಾ ಊಟ ಬಿಟ್ಟೆದ್ದು, ದೋಣಿಯ ಸದ್ದು ಕೇಳುವ ತನಕ ಜಗಲಿಯಲ್ಲೇ ಕೂತರು. ಮಗ ಬಂದ ಮೇಲೆ ನನ್ನ ತಲೆ ಸವರಿ, ತಣ್ಣಗಾದ ಅನ್ನ ಉಂಡರು.

ಕಳೆದ ತಿಂಗಳು ರಾಜಧಾನಿಯ ಮಾಂಟ್ ಕಿಯಾರಾ ಬಡಾವಣೆಯ ನಮ್ಮ ಕಾಂಡೋ ಹಾಲ್‌ನಲ್ಲಿ ಆ ಹಳ್ಳಿಯ ಸಾಕ್ಷ್ಯಚಿತ್ರ ತೋರಿಸಿದರು. ಚಿತ್ರ ತೆಗೆದವನಿಗೆ ಊರಿನ ದಾರಿ ಹೇಳಿ, ಆಮಾರ ಹೆಸರು ಕೊಟ್ಟವಳು ನಾನೇ. ನೆನೆದರೆ ನನ್ನ ಮೇಲೇ ಹೇಸಿಗೆಯಾಗುತ್ತದೆ. ಪರದೆಯ ಮೇಲೆ ಕೊಳಲಿನ ನಾದ, ಸೂರ್ಯಾಸ್ತ, ತೊಳೆದಿಟ್ಟ ಜಗಲಿ. ಒಂದೇ ಒಂದು ನೊಣವಿಲ್ಲ. ಮುಚ್ಚಿದ ಶಾಲೆಯನ್ನೂ ಬೀಗ ಜಡಿದ ಮನೆಗಳನ್ನೂ ಮದುವೆ ಆಲ್ಬಮ್ಮಿನಂತೆ ತೋರಿಸಿದ್ದ. ಜನ ಪಾಪ್‌ಕಾರ್ನ್ ಮೆಲ್ಲುತ್ತ ಲೊಚಗುಟ್ಟುತ್ತಿದ್ದರು. "ಸೋ ಪೀಸ್‌ಫುಲ್, ಅಮ್ಮಾ," ಎಂದಳು ಮಗಳು.

ಕೊನೆಗೆ ಪರದೆಯ ಮೇಲೆ ಆಮಾ ಬಂದರು, ಊಟದ ಮೇಜಿನ ಮುಂದೆ, ಬೆನ್ನು ಬಾಗಿ. ಪಕ್ಕದಲ್ಲಿ ತಲೆ ನರೆತ ಮಗ ಫೋನ್ ನೋಡುತ್ತ ಕೂತಿದ್ದ. ತಟ್ಟೆಯಲ್ಲಿ ಚಿತ್ರತಂಡವೇ ಪಟ್ಟಣದಿಂದ ತಂದ ಮೀನು. ಕ್ಯಾಮೆರಾದ ಹಿಂದಿನಿಂದ ಆ ಮನುಷ್ಯನ ದನಿ ಕೇಳಿತು: "ಆಂಟಿ, ಈ ಸೈಡ್ ಒಡೆದುಹೋಗಿದೆ. ಸ್ವಲ್ಪ ತಿರುಗಿಸ್ತೀರಾ?"

ನಾನು ಕುರ್ಚಿಯಿಂದ ಅರ್ಧ ಎದ್ದೆ.

ಆಮಾ ಮಗನತ್ತ ಒಮ್ಮೆ ನೋಡಿದರು. "ಕ್ಯಾನ್ ಲಾ, ತಿರುಗಿಸ್ಬಹುದು," ಎಂದರು. "ಬೋಟ್ ಮಾರಿಯಾಯ್ತು. ಸಮುದ್ರದಲ್ಲಿ ಈಗ ನಮ್ಮೋರು ಯಾರೂ ಇಲ್ಲ." ಮೀನನ್ನು ಮಗುಚಿ ಹಾಕಿದರು.

ಹಾಲ್‌ನಲ್ಲಿ ಯಾರೋ "ಸೋ ಕ್ಯೂಟ್" ಎಂದು ನಕ್ಕರು. ಅಂದಿನಿಂದ ಬಂಗುಡೆಯನ್ನು ಮಗುಚಲು ಕೈ ಬರುತ್ತಿಲ್ಲ. ಹಾಗೆ ನೋಡಿದರೆ ಸಮುದ್ರದಲ್ಲಿ ನನ್ನವರೂ ಯಾರೂ ಇಲ್ಲ.